ನಾಲ್ಕು ಸಾಲಿನ ಸೇವೆ: ಕಣ್ಣಿನಿಂದ ಓದಲಾಗದವರಿಗೆ ಪುಸ್ತಕದ ಸಾರಾಂಶ ಬರೆಯುವುದು ಹೇಗೆ?

‘ದೇಶ ಸುತ್ತು, ಕೋಶ ಓದು’ ಎಂದರು ನಮ್ಮ ಹಿರಿಯರು. ದೇಶ ಸುತ್ತುವ ಕೆಲಸವನ್ನು ನಾವು ಚೆನ್ನಾಗಿಯೇ ಮಾಡಿದ್ದೇವೆ. ಕಡಲು ದಾಟಿ ಪರ್ತ್, ಬ್ರಿಸ್ಬೇನ್, ಅಡಿಲೇಡ್‌ಗಳಲ್ಲಿ ಮನೆ ಮಾಡಿದ್ದೇವೆ. ಬರುವಾಗ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿ ಭರಣಿಯ ಜೊತೆಗೆ ನಾಲ್ಕು ಕನ್ನಡ ಪುಸ್ತಕಗಳನ್ನೂ ತಂದವರು ನಮ್ಮಲ್ಲಿ ಬಹಳ ಮಂದಿ. ಆದರೆ ಕೋಶ ಓದುವ ಮಾತಿಗೆ ಬಂದರೆ, ಓದಬೇಕೆಂಬ ಆಸೆ ತುಂಬಿದ್ದರೂ ಓದಲಾಗದೆ ಕುಳಿತವರು ನಮ್ಮ ಮನೆಗಳಲ್ಲೇ ಇದ್ದಾರೆ. ಅವರಿಗಾಗಿ ನಾವು ನೀವೆಲ್ಲ ಅಡುಗೆಮನೆಯ ಮೇಜಿನ ಬಳಿ ಕುಳಿತೇ ಮಾಡಬಹುದಾದ ಒಂದು ಸಣ್ಣ ಕೆಲಸವನ್ನು ಈ ಸ್ಮರಣ ಸಂಚಿಕೆಯಲ್ಲಿ ಪರಿಚಯಿಸುತ್ತಿದ್ದೇವೆ. ಆ ಕೆಲಸ ಯಾವುದೆಂದರೆ, ಎಲ್ಲರೂ ಓದಬಲ್ಲ ಡಿಜಿಟಲ್ ಗ್ರಂಥಾಲಯಗಳಿಗೆ ಪುಸ್ತಕಗಳ ಸಾರಾಂಶ ಬರೆದುಕೊಡುವುದು.

ಓದಲಾಗದವರು ಯಾರು?

‘ಓದಲಾಗದವರು’ ಎಂದ ಕೂಡಲೇ ನಮಗೆ ಪೂರ್ಣ ಅಂಧರಷ್ಟೇ ನೆನಪಾಗುತ್ತಾರೆ. ವಾಸ್ತವದಲ್ಲಿ ಇವರ ಬಳಗ ದೊಡ್ಡದು. ಮಕ್ಕಳ ಜೊತೆ ಇರಲೆಂದು ಊರಿನಿಂದ ಬಂದ ಅಪ್ಪ ಅಮ್ಮಂದಿರಲ್ಲಿ ವಯಸ್ಸಿನಿಂದ ಅಕ್ಷಿಪಟಲದ ನಡುಭಾಗ ಸವೆದು, ಎದುರಿಗಿರುವವರ ಮುಖ ಮಂಜಾಗಿ, ಅಕ್ಷರದ ಸಾಲು ಅಳಿಸಿದಂತೆ ಕಾಣುವವರಿದ್ದಾರೆ. ಸಕ್ಕರೆ ಕಾಯಿಲೆ ನಮ್ಮ ಜನರಲ್ಲಿ ಸಾಮಾನ್ಯ. ಅದು ಕಣ್ಣಿಗೆ ಇಳಿದಾಗ ಓದು ಮೊದಲು ಹೋಗುತ್ತದೆ. ಪಾರ್ಶ್ವವಾಯು ಬಡಿದು ಅಥವಾ ಕೈ ನಡುಗಿ ಪುಸ್ತಕ ಹಿಡಿಯಲಾಗದವರಿದ್ದಾರೆ. ಬುದ್ಧಿ ಚುರುಕಾಗಿದ್ದೂ ಅಕ್ಷರಗಳು ಕಣ್ಣೆದುರು ಕಲಸಿಹೋಗುವ ಡಿಸ್ಲೆಕ್ಸಿಯಾ ಇರುವ ಮಕ್ಕಳಿದ್ದಾರೆ. ಇವರೆಲ್ಲರನ್ನೂ ಕಾನೂನು ‘ಮುದ್ರಿತ ಪುಸ್ತಕ ಓದಲು ಅಡಚಣೆ ಇರುವವರು’ ಎಂಬ ಒಂದೇ ಗುಂಪಿನಲ್ಲಿ ಸೇರಿಸುತ್ತದೆ.

ಇವರಲ್ಲಿ ನಮ್ಮ ಹಿರಿಯರ ಕಷ್ಟ ಎರಡು ಪಟ್ಟು. ಇಂಗ್ಲಿಷ್ ಚೆನ್ನಾಗಿ ಬಲ್ಲವರಿಗೆ ಈ ದೇಶದಲ್ಲಿ ಕೇಳುವ ಪುಸ್ತಕಗಳ ಭಂಡಾರವೇ ಇದೆ. ಜೀವಮಾನವೆಲ್ಲ ಕನ್ನಡದಲ್ಲೇ ಓದಿದವರಿಗೆ ಆ ಭಂಡಾರದ ಬಾಗಿಲು ಅರ್ಧ ಮಾತ್ರ ತೆರೆದಿರುತ್ತದೆ. ಮಗ, ಸೊಸೆ ಕೆಲಸಕ್ಕೆ, ಮೊಮ್ಮಕ್ಕಳು ಶಾಲೆಗೆ ಹೋದ ಮೇಲೆ ಮನೆಯಲ್ಲಿ ಉಳಿಯುವ ಅಜ್ಜ ಅಜ್ಜಿಗೆ ಪುಸ್ತಕವೇ ನೆರೆಮನೆ, ಅದೇ ಹರಟೆಕಟ್ಟೆ. ಅದೂ ಹೋದರೆ ಆ ಮನೆಯಲ್ಲಿ ಹಗಲು ಬಹಳ ಉದ್ದವಾಗುತ್ತದೆ.

ಸುಗಮ ಪುಸ್ತಕ ಎಂದರೇನು?

ಒಂದೇ ಪುಸ್ತಕವನ್ನು ಕಂಪ್ಯೂಟರಿಗೆ ಅರ್ಥವಾಗುವ ಪಠ್ಯವಾಗಿ ಮಾಡಿಟ್ಟರೆ ಅದು ಹಲವು ರೂಪ ತಾಳುತ್ತದೆ. ದನಿಯಾಗಿ ಕೇಳಬಹುದು, ದೊಡ್ಡ ಅಕ್ಷರವಾಗಿ ನೋಡಬಹುದು, ಬೆರಳಿನಿಂದ ಬ್ರೈಲ್ ಆಗಿ ಓದಬಹುದು. 1951ರಲ್ಲಿ ಒಪ್ಪಿತವಾದ ಭಾರತಿ ಬ್ರೈಲ್ ಪದ್ಧತಿಯಲ್ಲಿ ಕನ್ನಡವೂ ಸೇರಿ ಭಾರತೀಯ ಭಾಷೆಗಳಿಗೆಲ್ಲ ಸಾಮಾನ್ಯವಾದ ಚುಕ್ಕಿಗಳ ವ್ಯವಸ್ಥೆ ಇದೆ. 1996ರಲ್ಲಿ ಆರಂಭವಾದ ಡೈಸಿ ಒಕ್ಕೂಟ ರೂಪಿಸಿದ ಮಾದರಿಯಲ್ಲಿ ಪುಸ್ತಕ ಮಾಡಿದರೆ, ಕೇಳುವವರು ಅಧ್ಯಾಯದಿಂದ ಅಧ್ಯಾಯಕ್ಕೆ, ಪುಟದಿಂದ ಪುಟಕ್ಕೆ ಹಾರಬಹುದು. ಹಳೆಯ ಕ್ಯಾಸೆಟ್ಟಿನಂತೆ ಮೊದಲಿನಿಂದ ಸುತ್ತಿಸುತ್ತಾ ಕೂರಬೇಕಿಲ್ಲ.

ಇಂತಹ ಪುಸ್ತಕಗಳನ್ನು ಒಂದೆಡೆ ಸೇರಿಸಿ ಅರ್ಹರಿಗೆ ಕೊಡುವ ಸಂಸ್ಥೆಗಳೇ ಡಿಜಿಟಲ್ ಸುಗಮ ಗ್ರಂಥಾಲಯಗಳು. ಅಮೆರಿಕದ ಬೆನೆಟೆಕ್ ಸಂಸ್ಥೆ 2002ರಲ್ಲಿ ಆರಂಭಿಸಿದ ಬುಕ್‌ಶೇರ್ ಇವುಗಳಲ್ಲಿ ಹೆಸರುವಾಸಿ. ಸ್ವಯಂಸೇವಕರು ಪುಸ್ತಕ ಸ್ಕ್ಯಾನ್ ಮಾಡಿ, ತಪ್ಪು ತಿದ್ದಿ, ಸಾರಾಂಶ ಬರೆದು ಕಳುಹಿಸುತ್ತಿದ್ದ ಕಾಲದಿಂದ ಬೆಳೆದು, ಇಂದು ಹೆಚ್ಚಿನ ಪುಸ್ತಕಗಳನ್ನು ಪ್ರಕಾಶಕರಿಂದಲೇ ಪಡೆಯುತ್ತ, ಹತ್ತು ಲಕ್ಷಕ್ಕೂ ಮೀರಿದ ಸಂಗ್ರಹವಾಗಿದೆ. ನಮ್ಮ ನಾಡಿನಲ್ಲಿ ಡೈಸಿ ಫೋರಂ ಆಫ್ ಇಂಡಿಯಾ ಮತ್ತು ಕೇಂದ್ರ ಸರಕಾರದ ಅಂಗವಿಕಲರ ಸಬಲೀಕರಣ ಇಲಾಖೆ ಸೇರಿ 2016ರ ಆಗಸ್ಟ್‌ನಲ್ಲಿ ‘ಸುಗಮ್ಯ ಪುಸ್ತಕಾಲಯ’ ತೆರೆದವು. ಭಾರತದ ಹಲವು ಭಾಷೆಗಳ ಪುಸ್ತಕಗಳು ಅಲ್ಲಿವೆ. ಬೆಂಗಳೂರಿನಲ್ಲಿ 1990ರಲ್ಲಿ ಹುಟ್ಟಿದ ಮಿತ್ರ ಜ್ಯೋತಿ ಸಂಸ್ಥೆ ಮಾತನಾಡುವ ಪುಸ್ತಕಗಳನ್ನೂ ಬ್ರೈಲ್ ಪುಸ್ತಕಗಳನ್ನೂ ಸಿದ್ಧಪಡಿಸುತ್ತಾ ಬಂದಿದೆ. ಗದಗಿನ ವೀರೇಶ್ವರ ಪುಣ್ಯಾಶ್ರಮದ ಪಂಡಿತ ಪುಟ್ಟರಾಜ ಗವಾಯಿಗಳನ್ನು (1914–2010) ಕಂಡ ನಮಗೆ, ಕಣ್ಣಿಲ್ಲದವರೂ ಓದಿ, ಬರೆದು, ಊರಿಗೇ ವಿದ್ಯೆ ಕೊಡಬಲ್ಲರೆಂದು ಬೇರೆ ಯಾರೂ ಹೇಳಬೇಕಾಗಿಲ್ಲ.

ಗಡಿ ದಾಟಿ ಬರುವ ಪುಸ್ತಕ

‘ಬೆಂಗಳೂರಿನಲ್ಲಿರುವ ಕನ್ನಡ ಪುಸ್ತಕದಿಂದ ಅಡಿಲೇಡಿನ ಅಜ್ಜನಿಗೇನು ಲಾಭ?’ ಎಂದು ಕೇಳಬಹುದು. ಮೊದಲು ಲಾಭ ಕಡಿಮೆಯೇ ಇತ್ತು. ಕೃತಿಸ್ವಾಮ್ಯದ ಕಾನೂನು ದೇಶದೇಶಕ್ಕೆ ಬೇರೆ. ಒಂದು ದೇಶದಲ್ಲಿ ಅಂಧರಿಗಾಗಿ ಮಾಡಿದ ಪ್ರತಿಯನ್ನು ಇನ್ನೊಂದು ದೇಶಕ್ಕೆ ಕಳುಹಿಸಲು ಆ ಕಾನೂನು ಅಡ್ಡ ನಿಲ್ಲುತ್ತಿತ್ತು. ಒಂದೇ ಪುಸ್ತಕವನ್ನು ಹತ್ತು ದೇಶಗಳಲ್ಲಿ ಹತ್ತು ಬಾರಿ ಮಾಡಬೇಕಾಗುತ್ತಿತ್ತು.

ಈ ಗೋಡೆಯನ್ನು ಒಡೆದದ್ದು 2013ರ ಜೂನ್ 27ರಂದು ಮೊರಾಕೊ ದೇಶದ ಮರಾಕೇಶ್ ನಗರದಲ್ಲಿ ಅಂಗೀಕಾರವಾದ ಒಪ್ಪಂದ. ಇದನ್ನು ಎಲ್ಲರಿಗಿಂತ ಮೊದಲು, 2014ರ ಜೂನ್‌ನಲ್ಲಿ, ಸ್ಥಿರೀಕರಿಸಿದ ದೇಶ ಭಾರತ ಎಂಬುದು ನಮಗೆಲ್ಲ ಹೆಮ್ಮೆಯ ವಿಷಯ. ಆಸ್ಟ್ರೇಲಿಯಾ 2015ರ ಡಿಸೆಂಬರ್‌ನಲ್ಲಿ ಸೇರಿತು. ಇಪ್ಪತ್ತು ದೇಶಗಳಾದ ಮೇಲೆ, 2016ರ ಸೆಪ್ಟೆಂಬರ್ 30ರಂದು ಒಪ್ಪಂದ ಜಾರಿಗೆ ಬಂತು. ಆಸ್ಟ್ರೇಲಿಯಾ ತನ್ನ ಕೃತಿಸ್ವಾಮ್ಯ ಕಾನೂನನ್ನು 2017ರಲ್ಲಿ ತಿದ್ದಿ ಈ ದಾರಿಯನ್ನು ಇನ್ನಷ್ಟು ಸಲೀಸು ಮಾಡಿತು. ಹುಟ್ಟಿದ ದೇಶ ಮತ್ತು ನೆಲೆಸಿದ ದೇಶ ಎರಡೂ ಒಪ್ಪಂದದಲ್ಲಿರುವುದರಿಂದ, ಅಲ್ಲಿನ ಮಾನ್ಯ ಸಂಸ್ಥೆ ಸಿದ್ಧಪಡಿಸಿದ ಕನ್ನಡ ಪುಸ್ತಕವನ್ನು ಇಲ್ಲಿನ ಅರ್ಹ ಓದುಗರಿಗೆ ತಲುಪಿಸಲು ಇಂದು ಕಾನೂನಿನ ದಾರಿ ಇದೆ.

ದಾರಿಯೇನೋ ಆಯಿತು. ಆದರೆ ಆ ದಾರಿಯಲ್ಲಿ ಪುಸ್ತಕವನ್ನು ಹುಡುಕಿ ಕರೆತರುವವರು ಬೇಕು. ಸಾರಾಂಶದ ಕೆಲಸ ಇಲ್ಲಿಂದ ಆರಂಭ.

ಸಾರಾಂಶ ಏಕೆ ಇಷ್ಟು ಮುಖ್ಯ?

ಕಣ್ಣಿರುವ ನಾವು ಪುಸ್ತಕ ಆರಿಸುವ ರೀತಿಯನ್ನು ಸ್ವಲ್ಪ ಯೋಚಿಸೋಣ. ಅಂಗಡಿಗೆ ಹೋಗುತ್ತೇವೆ, ರಕ್ಷಾಪುಟ ನೋಡುತ್ತೇವೆ. ಬೆನ್ನುಡಿ ಓದುತ್ತೇವೆ. ನಡುವೆ ಎರಡು ಪುಟ ತಿರುವಿ ಭಾಷೆ ಹಿಡಿಸುತ್ತದೆಯೇ ಎಂದು ಪರೀಕ್ಷಿಸುತ್ತೇವೆ. ದಪ್ಪ ನೋಡಿ ‘ಇದು ರಜೆಗೆ ಸರಿ’ ಎಂದುಕೊಳ್ಳುತ್ತೇವೆ. ಇಷ್ಟೆಲ್ಲ ಆಗಲು ಎರಡು ನಿಮಿಷ ಸಾಕು.

ಕಿವಿಯಿಂದ ಓದುವವರಿಗೆ ಇದರಲ್ಲಿ ಯಾವುದೂ ಇಲ್ಲ. ಗ್ರಂಥಾಲಯದ ಪಟ್ಟಿಯಲ್ಲಿ ಅವರಿಗೆ ಸಿಗುವುದು ಹೆಸರು, ಲೇಖಕರು ಮತ್ತು ಸಾರಾಂಶ. ಸಾರಾಂಶದ ಜಾಗ ಖಾಲಿ ಇದ್ದರೆ ಹೆಸರೊಂದೇ ಗತಿ. ‘ಬೆಟ್ಟದ ಜೀವ’ ಎಂಬ ಹೆಸರನ್ನು ಮೊದಲ ಬಾರಿ ಕೇಳುವವರಿಗೆ ಅದು ಕಾಡುಪ್ರಾಣಿಗಳ ಪುಸ್ತಕವೋ, ಪ್ರವಾಸಕಥನವೋ, ಕಾದಂಬರಿಯೋ ಹೇಗೆ ತಿಳಿಯಬೇಕು? ಪುಸ್ತಕ ಇಳಿಸಿಕೊಂಡು, ಅರ್ಧ ಗಂಟೆ ಕೇಳಿ, ‘ಇದು ನನಗೆ ಬೇಕಾದ್ದಲ್ಲ’ ಎಂದು ಬಿಡುವುದು ದಣಿವಿನ ಕೆಲಸ. ಹೀಗೆ ಎರಡು ಮೂರು ಸಲವಾದರೆ ವಯಸ್ಸಾದವರು ಹುಡುಕುವುದನ್ನೇ ಬಿಡುತ್ತಾರೆ.

ಇನ್ನೊಂದು ಕಾರಣವೂ ಇದೆ. ಹುಡುಕಾಟ ನಡೆಯುವುದು ಪದಗಳ ಮೇಲೆ. ಕೊಡಗಿನ ಕಥೆ ಬೇಕೆಂದು ‘ಕೊಡಗು’ ಎಂದು ಹುಡುಕಿದವರಿಗೆ ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಸಿಗಬೇಕಾದರೆ, ಆ ಪುಸ್ತಕದ ವಿವರದಲ್ಲಿ ಕೊಡಗು ಎಂಬ ಪದ ಎಲ್ಲಾದರೂ ಇರಬೇಕು. ಹೆಸರಿನಲ್ಲಿ ಅದಿಲ್ಲ. ಯಾರೋ ಒಬ್ಬರು ಸಾರಾಂಶದಲ್ಲಿ ಬರೆದಿದ್ದರೆ ಪುಸ್ತಕ ಕಾಣಿಸುತ್ತದೆ, ಇಲ್ಲವಾದರೆ ಕಪಾಟಿನ ಹಿಂದೆ ಬಿದ್ದಂತೆಯೇ.

ಬರೆಯುವ ಪಾಠ: ಒಂದು ಉದಾಹರಣೆ

ಶಿವರಾಮ ಕಾರಂತರ ‘ಬೆಟ್ಟದ ಜೀವ’ (1943) ಕಾದಂಬರಿಯನ್ನೇ ತೆಗೆದುಕೊಳ್ಳೋಣ. ನಮ್ಮಲ್ಲಿ ಹೆಚ್ಚಿನವರು ಮೊದಲ ಪ್ರಯತ್ನದಲ್ಲಿ ಹೀಗೆ ಬರೆಯುವ ಸಂಭವವಿದೆ:

‘ಕಡಲತೀರದ ಭಾರ್ಗವ ಕಾರಂತರ ಅಮೋಘ ಕೃತಿ. ಪ್ರತಿಯೊಬ್ಬ ಕನ್ನಡಿಗನೂ ಓದಲೇಬೇಕಾದ ಅದ್ಭುತ ಕಾದಂಬರಿ. ಓದುತ್ತಾ ಹೋದಂತೆ ಕಣ್ಣು ತೇವವಾಗುತ್ತದೆ.’

ಇದು ಅಭಿಮಾನ, ಸಾರಾಂಶವಲ್ಲ. ಇದನ್ನು ಕಾರಂತರ ಯಾವ ಪುಸ್ತಕಕ್ಕೆ ಬೇಕಾದರೂ ಅಂಟಿಸಬಹುದು. ಕಥೆ ಎಲ್ಲಿ ನಡೆಯುತ್ತದೆ, ಯಾರ ಬಗ್ಗೆ, ಏನಾಗುತ್ತದೆ ಎಂಬ ಮೂರರಲ್ಲಿ ಒಂದೂ ಇಲ್ಲ. ಕೆಲವರು ಇದರ ವಿರುದ್ಧ ದಿಕ್ಕಿಗೆ ಹೋಗಿ, ಮೊದಲ ಪುಟದಿಂದ ಕೊನೆಯ ಪುಟದವರೆಗೆ ಎಲ್ಲವನ್ನೂ ಹೇಳಿಬಿಡುತ್ತಾರೆ. ಅದು ಪರೀಕ್ಷೆಯ ಉತ್ತರವಾದೀತು, ಓದುವ ಸುಖಕ್ಕೆ ಮಾತ್ರ ಕಲ್ಲು ಹಾಕಿದಂತೆ.

ಬುಕ್‌ಶೇರ್‌ನಂತಹ ಗ್ರಂಥಾಲಯಗಳಲ್ಲಿ ಸಾರಾಂಶಕ್ಕೆ ಎರಡು ಜಾಗ ಇರುತ್ತವೆ. ಒಂದು ಚಿಕ್ಕದು, ಇನ್ನೊಂದು ವಿಸ್ತಾರವಾದದ್ದು. ಚಿಕ್ಕದಕ್ಕೆ ಎರಡು ಮೂರು ವಾಕ್ಯ ಸಾಕು. ನಾವು ಹೀಗೆ ಬರೆಯಬಹುದು:

‘ಸುಬ್ರಹ್ಮಣ್ಯದ ಸಮೀಪದ ಕಾಡಿನಲ್ಲಿ ದಾರಿ ತಪ್ಪಿದ ಪ್ರಯಾಣಿಕನೊಬ್ಬ ಗೋಪಾಲಯ್ಯ, ಶಂಕರಮ್ಮ ಎಂಬ ವೃದ್ಧ ದಂಪತಿಗಳ ಮನೆಯಲ್ಲಿ ಆಶ್ರಯ ಪಡೆಯುತ್ತಾನೆ. ಕಾಡಿನ ನಡುವೆ ತೋಟ ಎಬ್ಬಿಸಿದ ಆ ಮುದುಕನ ಉತ್ಸಾಹವನ್ನೂ, ಮನೆ ಬಿಟ್ಟು ಹೋದ ಮಗನಿಗಾಗಿ ಅವರಿಬ್ಬರೂ ಒಳಗೊಳಗೇ ಕಾಯುತ್ತಿರುವುದನ್ನೂ ಅವನು ಕಾಣುತ್ತಾನೆ.’

ವಿಸ್ತಾರವಾದ ಸಾರಾಂಶದಲ್ಲಿ ಇನ್ನಷ್ಟು ಹೇಳಲು ಅವಕಾಶವಿದೆ:

‘ದಕ್ಷಿಣ ಕನ್ನಡದ ಕುಮಾರಪರ್ವತದ ತಪ್ಪಲಲ್ಲಿ ನಡೆಯುವ ಈ ಕಾದಂಬರಿಯನ್ನು, ಅಲ್ಲಿಗೆ ಆಕಸ್ಮಿಕವಾಗಿ ಬಂದ ಅತಿಥಿಯೇ ಹೇಳುತ್ತಾನೆ. ದಾರಿ ತಪ್ಪಿದ ಅವನನ್ನು ಊರಿನವರು ಗೋಪಾಲಯ್ಯನವರ ಮನೆಗೆ ಕರೆದೊಯ್ಯುತ್ತಾರೆ. ಕಾಡು, ಮಳೆ, ಹುಲಿ, ಆನೆಗಳ ಜೊತೆ ಸೆಣಸಿ ಅಡಿಕೆ ತೋಟ ಮಾಡಿದ ಗೋಪಾಲಯ್ಯ ಮಾತಿನಲ್ಲೂ ದುಡಿಮೆಯಲ್ಲೂ ತರುಣರನ್ನು ಮೀರಿಸುವವರು. ಅತಿಥಿ ಕೆಲವು ದಿನ ಉಳಿದಂತೆ, ನಗುವಿನ ಹಿಂದಿರುವ ನೋವು ಅವನಿಗೆ ತಿಳಿಯುತ್ತದೆ. ಮಗ ಶಂಭು ಮನೆ ಬಿಟ್ಟು ಹೋಗಿ ವರ್ಷಗಳಾಗಿವೆ. ಸ್ವಂತ ಮಗನಂತೆ ನೋಡಿಕೊಂಡ ನಾರಾಯಣನ ಸಂಸಾರವೂ ಕಥೆಯಲ್ಲಿ ಬರುತ್ತದೆ. ಮಲೆನಾಡಿನ ಕೃಷಿ, ಅತಿಥಿಸತ್ಕಾರ, ವೃದ್ಧಾಪ್ಯದ ಒಂಟಿತನ ಇದರ ವಿಷಯ. ಸಂಭಾಷಣೆ ಹೆಚ್ಚಾಗಿರುವ, ಸರಳ ಭಾಷೆಯ ಕಾದಂಬರಿ.’

ಇದರಲ್ಲಿ ಏನೇನಿದೆ ಎಂದು ಗಮನಿಸಿ. ಸ್ಥಳದ ಹೆಸರಿದೆ, ಮುಖ್ಯ ವ್ಯಕ್ತಿಗಳ ಹೆಸರಿದೆ, ಕಥೆ ಹೇಳುವವರು ಯಾರೆಂದಿದೆ, ಕಥೆಯ ಗಂಟು ಏನೆಂದಿದೆ, ಭಾಷೆಯ ಸ್ವಭಾವವಿದೆ. ‘ಅಡಿಕೆ’ ಎಂದು ಹುಡುಕಿದವರಿಗೂ ‘ಸುಬ್ರಹ್ಮಣ್ಯ’ ಎಂದು ಹುಡುಕಿದವರಿಗೂ ಪುಸ್ತಕ ಸಿಗುತ್ತದೆ. ಮಗ ಬರುತ್ತಾನೋ ಇಲ್ಲವೋ ಎಂಬುದನ್ನು ಮಾತ್ರ ಹೇಳಿಲ್ಲ. ಅದನ್ನು ಹೇಳುವ ಹಕ್ಕು ಕಾರಂತರದು, ಕಾಯುವ ಹಕ್ಕು ಓದುಗರದು. ಮಗ ದೂರ ಹೋದ ಮನೆಯ ಕಥೆಯನ್ನು, ಮಗನ ಹಿಂದೆಯೇ ದೂರ ಬಂದ ಹಿರಿಯರೊಬ್ಬರು ಪರ್ತ್‌ನ ಮನೆಯಲ್ಲಿ ಕುಳಿತು ಕೇಳುವಾಗ, ಆ ಕಾಯುವಿಕೆ ಎಷ್ಟು ಅರ್ಥ ಪಡೆಯುತ್ತದೆ ಎಂಬುದನ್ನು ಊಹಿಸಿಕೊಳ್ಳಿ. ನಮ್ಮ ಒಂದು ಅವಸರದ ವಾಕ್ಯ ಅದನ್ನು ಕಸಿದುಕೊಳ್ಳಬಾರದು.

ನೆನಪಿಡಬೇಕಾದ ಸೂತ್ರಗಳು

1. ಪುಸ್ತಕ ಓದಿಯೇ ಬರೆಯಿರಿ. ಸಿನಿಮಾ ನೆನಪಿನಿಂದ ಬರೆಯಬೇಡಿ. ‘ಬೆಟ್ಟದ ಜೀವ’, ‘ಚೋಮನ ದುಡಿ’, ತ್ರಿವೇಣಿಯವರ ‘ಶರಪಂಜರ’ ಎಲ್ಲವೂ ಚಲನಚಿತ್ರಗಳಾಗಿವೆ. ತೆರೆಯ ಮೇಲೆ ಕಂಡದ್ದೆಲ್ಲ ಪುಸ್ತಕದಲ್ಲಿ ಅದೇ ರೀತಿ ಇರಬೇಕೆಂದಿಲ್ಲ.

2. ಬೆನ್ನುಡಿಯನ್ನು ನಕಲು ಮಾಡಬೇಡಿ. ಅದು ಪುಸ್ತಕ ಕೊಳ್ಳಲಿ ಎಂದು ಬರೆದದ್ದು, ಬರೆದವರ ಸ್ವತ್ತು ಕೂಡ. ನಮ್ಮದು ಆರಿಸಿಕೊಳ್ಳಲಿ ಎಂದು ಬರೆಯುವ ಮಾತು. ಸ್ವಂತ ಮಾತಿನಲ್ಲೇ ಇರಲಿ.

3. ಹೊಗಳಿಕೆಯೂ ಬೇಡ, ತೆಗಳಿಕೆಯೂ ಬೇಡ. ‘ಓದಲೇಬೇಕು’ ಎಂಬ ಮಾತಿನ ಜಾಗದಲ್ಲಿ ‘ಇದು ಇಂಥದ್ದರ ಬಗ್ಗೆ’ ಎಂಬ ಮಾತಿರಲಿ.

4. ಪುಸ್ತಕದಲ್ಲಿ ಹಿಂಸೆ, ಸಾವು, ಜಾತಿಯ ಅವಮಾನದ ಮಾತು, ವಯಸ್ಕರ ವಿಷಯ ಇದ್ದರೆ ಮರೆಮಾಚದೆ ಒಂದು ಸಾಲಿನಲ್ಲಿ ಹೇಳಿ. ‘ಚೋಮನ ದುಡಿ’ (1933) ಒಬ್ಬ ದಲಿತ ಜೀತದಾಳು ಸ್ವಂತ ಬೇಸಾಯದ ಆಸೆ ಹೊತ್ತ ಕಥೆ. ಆ ಕಾಲದ ಕ್ರೌರ್ಯ ಅದರಲ್ಲಿದೆ ಎಂದು ತಿಳಿಸಿದರೆ, ಮಕ್ಕಳಿಗೆ ಕೇಳಿಸುವ ತಾಯಿ ತಂದೆಯರು ತಾವೇ ತೀರ್ಮಾನಿಸುತ್ತಾರೆ.

5. ಕಥೆಯಲ್ಲದ ಪುಸ್ತಕಕ್ಕೆ ಒಳಗೇನಿದೆ ಎಂಬ ಪಟ್ಟಿಯೇ ಸಾರಾಂಶ. ಅಡುಗೆ ಪುಸ್ತಕವಾದರೆ ಯಾವ ಸೀಮೆಯ ಅಡುಗೆ, ಸಸ್ಯಾಹಾರವೋ ಅಲ್ಲವೋ, ಅಳತೆ ಕೊಟ್ಟಿದ್ದಾರೋ ಎಂದು ಹೇಳಿ. ಡಿ.ವಿ.ಜಿ.ಯವರ ‘ಮಂಕುತಿಮ್ಮನ ಕಗ್ಗ’ದಂತಹ ಪುಸ್ತಕಕ್ಕೆ ಪದ್ಯಗಳ ಅರ್ಥ ಬರೆಯಹೋಗಬೇಡಿ. 945 ಚೌಪದಿಗಳ ಸಂಗ್ರಹ, ಒಂದೊಂದೂ ಸ್ವತಂತ್ರ, ಎಲ್ಲಿಂದ ಬೇಕಾದರೂ ಕೇಳಬಹುದು ಎಂದರೆ ಕೇಳುವವರಿಗೆ ಬೇಕಾದದ್ದು ಸಿಕ್ಕಿತು. ಕೈಯಲ್ಲಿರುವ ಪ್ರತಿಯಲ್ಲಿ ತಾತ್ಪರ್ಯ ಸೇರಿದೆಯೇ ಎಂಬುದನ್ನೂ ತಿಳಿಸಿ.

6. ಬರೆದಾದ ಮೇಲೆ ಗಟ್ಟಿಯಾಗಿ ಓದಿ. ನಮ್ಮ ಓದುಗರು ಕೇಳುಗರು. ಉಸಿರು ಕಟ್ಟುವ ಉದ್ದದ ವಾಕ್ಯ ಕಿವಿಗೆ ಹಿಡಿಯುವುದಿಲ್ಲ.

ಕನ್ನಡಕ್ಕೇ ವಿಶೇಷವಾದ ತೊಡಕುಗಳು

ಮೊದಲನೆಯದು ಹೆಸರುಗಳು. ನಮ್ಮ ಸಾಹಿತಿಗಳಿಗೆ ಕಾವ್ಯನಾಮದ ಪ್ರೀತಿ ಹೆಚ್ಚು. ಕುವೆಂಪು ಎಂದು ಹುಡುಕುವವರಿದ್ದಾರೆ, ಕೆ.ವಿ. ಪುಟ್ಟಪ್ಪ ಎಂದು ಹುಡುಕುವವರೂ ಇದ್ದಾರೆ. ತ್ರಿವೇಣಿ ಎಂಬುದು ಅನಸೂಯಾ ಶಂಕರ್ ಅವರ ಕಾವ್ಯನಾಮ. ಮಾಸ್ತಿ ವೆಂಕಟೇಶ ಅಯ್ಯಂಗಾರರು ‘ಶ್ರೀನಿವಾಸ’ ಎಂಬ ಹೆಸರಿನಲ್ಲಿ ಬರೆದರು. ಸಾರಾಂಶದಲ್ಲಿ ಎರಡೂ ಹೆಸರು ಬಂದರೆ ಇಬ್ಬರಿಗೂ ಪುಸ್ತಕ ಸಿಗುತ್ತದೆ. ತೇಜಸ್ವಿಯವರ ‘ಕರ್ವಾಲೊ’ವನ್ನು ಕೆಲವರು ಹ್ರಸ್ವದಲ್ಲಿ, ಕೆಲವರು ದೀರ್ಘದಲ್ಲಿ ಬರೆಯುತ್ತಾರೆ. ಇಂತಹ ಕಡೆ ಮುಖಪುಟದಲ್ಲಿ ಅಚ್ಚಾದ ರೂಪವನ್ನೇ ಇಟ್ಟುಕೊಳ್ಳುವುದು ಕ್ಷೇಮ.

ಎರಡನೆಯದು ಅಕ್ಷರದ ಸಂಕೇತ. ಇದನ್ನು ಸ್ವಲ್ಪ ವಿವರಿಸಬೇಕು. ನುಡಿ, ಬರಹ, ಶ್ರೀಲಿಪಿ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಕನ್ನಡ ಪರದೆಯ ಮೇಲೆ ಸೊಗಸಾಗಿ ಕಾಣುತ್ತದೆ. ಆದರೆ ಒಳಗೆ ಕಂಪ್ಯೂಟರ್ ಇಟ್ಟುಕೊಂಡಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳನ್ನು. ಫಾಂಟು ಅವುಗಳಿಗೆ ಕನ್ನಡದ ವೇಷ ತೊಡಿಸಿರುತ್ತದೆ, ಅಷ್ಟೇ. ಪರದೆ ಓದುವ ತಂತ್ರಾಂಶಕ್ಕೆ ವೇಷ ಕಾಣುವುದಿಲ್ಲ, ಅದು ಒಳಗಿರುವುದನ್ನೇ ಓದುತ್ತದೆ. ಆಗ ಕೇಳಿಸುವುದು ತಲೆಬುಡವಿಲ್ಲದ ಗದ್ದಲ. ಆದ್ದರಿಂದ ಸಾರಾಂಶವನ್ನು ಯೂನಿಕೋಡ್ ಕನ್ನಡದಲ್ಲೇ ಬರೆಯಬೇಕು. ಇಂದಿನ ಮೊಬೈಲ್ ಫೋನಿನ ಕನ್ನಡ ಕೀಲಿಮಣೆ ಯೂನಿಕೋಡ್‌ನಲ್ಲೇ ಬರೆಯುತ್ತದೆ, ಹಾಗಾಗಿ ಹೊಸಬರಿಗೆ ಭಯವಿಲ್ಲ. ಹಳೆಯ ಕಡತಗಳನ್ನು ಬದಲಿಸಿಕೊಡುವ ಪರಿವರ್ತಕಗಳೂ ಇವೆ.

ಮೂರನೆಯದು ಅಲಂಕಾರ. ಸಾಲಿಗೆ ಹತ್ತು ನಕ್ಷತ್ರ ಹಾಕಿದರೆ ಕೆಲವು ತಂತ್ರಾಂಶಗಳು ಅದನ್ನೂ ಓದುತ್ತವೆ. ‘ಪು.’, ‘ಸಂ.’ ಮುಂತಾದ ಸಂಕ್ಷೇಪಗಳು ದನಿಯಲ್ಲಿ ಅರ್ಥವಾಗುವುದಿಲ್ಲ. ಪೂರ್ತಿ ಪದ ಬರೆಯುವುದೇ ಸೌಜನ್ಯ.

ನಾಲ್ಕನೆಯದು ಪ್ರದೇಶದ ಭಾಷೆ. ಧಾರವಾಡದ ಮಾತು, ಮಂಗಳೂರಿನ ಮಾತು, ಮೈಸೂರಿನ ಮಾತು ಒಂದೇ ಅಲ್ಲ. ಸಂಭಾಷಣೆ ಉತ್ತರ ಕರ್ನಾಟಕದ ಆಡುಮಾತಿನಲ್ಲಿದೆ ಎಂಬ ಒಂದು ವಾಕ್ಯ, ಆ ಸೀಮೆಯ ಹಿರಿಯರಿಗೆ ಊರಿನಿಂದ ಬಂದ ಕರೆಯಂತೆ.

ಇಂದು ಯಂತ್ರವೇ ಕ್ಷಣದಲ್ಲಿ ಸಾರಾಂಶ ಬರೆದುಕೊಡುತ್ತದಲ್ಲ, ನಾವೇಕೆ ಕಷ್ಟಪಡಬೇಕು ಎಂದು ಮಕ್ಕಳು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಆ ಯಂತ್ರಗಳು ಇಲ್ಲದ ಪಾತ್ರವನ್ನು ಸೃಷ್ಟಿಸುವುದೂ, ಒಂದು ಪುಸ್ತಕದ ಕಥೆಯನ್ನು ಇನ್ನೊಂದಕ್ಕೆ ಅಂಟಿಸುವುದೂ ಉಂಟು. ಜಾಲದಲ್ಲಿ ಕಡಿಮೆ ವಿವರವಿರುವ ಕನ್ನಡ ಪುಸ್ತಕಗಳ ವಿಷಯದಲ್ಲಿ ಈ ಅಪಾಯ ಹೆಚ್ಚು. ಸುಳ್ಳು ಸಾರಾಂಶ ನಂಬಿ ಪುಸ್ತಕ ಇಳಿಸಿಕೊಂಡ ಅಂಧ ಓದುಗರಿಗೆ, ಪುಟ ತಿರುವಿ ಪರೀಕ್ಷಿಸುವ ಅವಕಾಶ ಇಲ್ಲ. ಯಂತ್ರದ ಸಹಾಯ ಪಡೆದರೂ, ಪುಸ್ತಕ ಓದಿದವರೊಬ್ಬರು ಸಾಲು ಸಾಲಾಗಿ ನೋಡಿ ಸಹಿ ಹಾಕಬೇಕು.

ನಮ್ಮ ಮೂರು ಊರುಗಳಲ್ಲಿ

ಈ ಸೇವೆಗೆ ನಾವು ನೆಲೆಸಿದ ಊರುಗಳಲ್ಲೇ ದೊಡ್ಡ ಪರಂಪರೆ ಇದೆ. ಬ್ರಿಸ್ಬೇನಿನ ಆನರ್ಲಿ ಬಡಾವಣೆಯಲ್ಲಿರುವ ಬ್ರೈಲ್ ಹೌಸ್‌ನ ಬೇರು 1897ರಲ್ಲಿ ಆರಂಭವಾದ ಕ್ವೀನ್ಸ್‌ಲ್ಯಾಂಡ್ ಬ್ರೈಲ್ ಬರವಣಿಗೆಯ ಸಂಘದಲ್ಲಿದೆ. ಕಂಪ್ಯೂಟರ್ ಇಲ್ಲದ ಆ ಕಾಲದಲ್ಲಿ ಸ್ವಯಂಸೇವಕರು ಚುಕ್ಕಿ ಚುಕ್ಕಿಯಾಗಿ ಪುಸ್ತಕಗಳನ್ನು ಕೈಯಲ್ಲೇ ಬರೆದರು. ಅಡಿಲೇಡಿನ ರಾಯಲ್ ಸೊಸೈಟಿ ಫಾರ್ ದಿ ಬ್ಲೈಂಡ್ 1884ರಷ್ಟು ಹಳೆಯದು. ಪರ್ತ್‌ನ ವಿಸ್‌ಎಬಿಲಿಟಿ ಸಂಸ್ಥೆ ತನ್ನ ಇತಿಹಾಸವನ್ನು 1913ರಿಂದ ಎಣಿಸುತ್ತದೆ. ದೇಶದ ಹಲವು ಹಳೆಯ ಸಂಸ್ಥೆಗಳು 2004ರಲ್ಲಿ ಒಂದಾಗಿ ವಿಷನ್ ಆಸ್ಟ್ರೇಲಿಯಾ ಆಯಿತು. ಅದರ ಗ್ರಂಥಾಲಯದ ಸೇವೆ ಮುದ್ರಿತ ಓದಿಗೆ ಅಡಚಣೆ ಇರುವವರಿಗೆ ಉಚಿತ.

ಇನ್ನೊಂದು ವಿಷಯ ಬ್ರಿಸ್ಬೇನಿನವರು ಎದೆಯುಬ್ಬಿಸಿ ಹೇಳಬಹುದು. ಜಗತ್ತಿನಾದ್ಯಂತ ಅಂಧರು ಉಚಿತವಾಗಿ ಬಳಸುವ ಎನ್‌ವಿಡಿಎ ಎಂಬ ಪರದೆ ಓದುವ ತಂತ್ರಾಂಶವನ್ನು 2006ರಲ್ಲಿ ಆರಂಭಿಸಿದವರು ಮೈಕೆಲ್ ಕರನ್ ಎಂಬ ಅಂಧ ಆಸ್ಟ್ರೇಲಿಯನ್ ತರುಣ. ಜೇಮ್ಸ್ ಟೆಹ್ ಎಂಬ ಇನ್ನೊಬ್ಬ ಅಂಧ ತಂತ್ರಜ್ಞ ಅವರ ಜೊತೆಗೂಡಿದರು. ಅದನ್ನು ನಡೆಸುವ ಎನ್‌ವಿ ಆಕ್ಸೆಸ್ ಸಂಸ್ಥೆ ಕ್ವೀನ್ಸ್‌ಲ್ಯಾಂಡಿನದು. ಅದರೊಂದಿಗೆ ಬರುವ ಈಸ್ಪೀಕ್ ಎಂಬ ದನಿ ಕನ್ನಡವನ್ನೂ ಓದುತ್ತದೆ. ಮೊದಲು ಕೇಳಿದಾಗ ಯಂತ್ರದ ದನಿ ಎನಿಸಿದರೂ, ಕಿವಿ ಪಳಗಿದವರಿಗೆ ಅದು ಸಾಕು. ಕ್ವೀನ್ಸ್‌ಲ್ಯಾಂಡಿನಲ್ಲಿ ಬೆಳೆದ ತಂತ್ರಾಂಶ ಕನ್ನಡ ಓದುತ್ತಿರುವಾಗ, ಅಲ್ಲೇ ಇರುವ ಕನ್ನಡಿಗರು ಅದಕ್ಕೆ ಓದಲು ನಾಲ್ಕು ಸಾಲು ಕೊಡದಿದ್ದರೆ ಹೇಗೆ?

ಕೆಲಸದ ಹಂಚಿಕೆ ಹೀಗಿರಬಹುದು ಎಂಬುದು ನಮ್ಮ ಸಲಹೆ. ಮೊದಲು ಗ್ರಂಥಾಲಯವನ್ನು ಸಂಪರ್ಕಿಸಿ, ಅವರಿಗೆ ಯಾವ ಪುಸ್ತಕಗಳ ವಿವರ ಬೇಕು, ಅವರ ನಿಯಮವೇನು ಎಂದು ತಿಳಿದುಕೊಳ್ಳುವುದು. ಆಮೇಲೆ ಒಬ್ಬರು ಓದಿ ಬರೆಯುವುದು, ಇನ್ನೊಬ್ಬರು ತಿದ್ದುವುದು. ತಿದ್ದುವವರು ಬೇರೆ ಊರಿನವರಾದರೆ ಒಳ್ಳೆಯದು, ಮೂರು ಊರುಗಳ ಸ್ನೇಹವೂ ಬೆಳೆಯುತ್ತದೆ. ಚಳಿಗಾಲದಲ್ಲಿ ಪರ್ತ್‌ನ ಸಂಜೆ ಏಳು ಗಂಟೆಗೆ ಅಡಿಲೇಡಿನಲ್ಲಿ ಎಂಟೂವರೆ, ಬ್ರಿಸ್ಬೇನಿನಲ್ಲಿ ಒಂಬತ್ತು, ಬೆಂಗಳೂರಿನಲ್ಲಿ ನಾಲ್ಕೂವರೆ. ಬೇಸಿಗೆಯಲ್ಲಿ ಅಡಿಲೇಡ್ ಮಾತ್ರ ಒಂದು ಗಂಟೆ ಮುಂದೆ ಹೋಗುತ್ತದೆ. ಭಾನುವಾರ ಅರ್ಧ ಗಂಟೆ ಫೋನಿನಲ್ಲಿ ಸೇರಿದರೂ ಸಾಕು. ಇಲ್ಲೇ ಹುಟ್ಟಿದ ಮಕ್ಕಳಿಗೂ ಪಾಲಿದೆ. ಅಜ್ಜಿ ಕನ್ನಡದಲ್ಲಿ ಸಾರಾಂಶ ಹೇಳಲಿ, ಮೊಮ್ಮಗಳು ಟೈಪ್ ಮಾಡಲಿ, ಅದರ ಇಂಗ್ಲಿಷ್ ರೂಪವನ್ನೂ ಅವಳೇ ಬರೆಯಲಿ. ಕನ್ನಡ ಶಾಲೆಯಲ್ಲಿ ಕಲಿತ ಒತ್ತಕ್ಷರಕ್ಕೆ ಇದಕ್ಕಿಂತ ಒಳ್ಳೆಯ ಮನೆಪಾಠ ಇನ್ನೊಂದಿಲ್ಲ.

ಕೊನೆಯ ಮಾತು

ಈ ಸಂಚಿಕೆ ಕೈಗೆ ಬಂದಿದೆ ಎಂದರೆ, ನೀವು ದೇಣಿಗೆ ಕೊಟ್ಟಿದ್ದೀರಿ ಅಥವಾ ಕೊಡಲಿದ್ದೀರಿ. ಹಣದ ಅಗತ್ಯ ದೊಡ್ಡದು. ಪುಸ್ತಕ ಸ್ಕ್ಯಾನ್ ಮಾಡಲು, ಅಕ್ಷರ ತಿದ್ದಲು, ದನಿ ಮುದ್ರಿಸಲು, ಬ್ರೈಲ್ ಅಚ್ಚು ಹಾಕಲು ಖರ್ಚಿದೆ. ಆದರೆ ಸಾರಾಂಶ ಹಣ ಕೊಟ್ಟು ಕೊಳ್ಳುವ ವಸ್ತುವಲ್ಲ. ಪುಸ್ತಕ ಓದಿದ, ಕನ್ನಡ ಬಲ್ಲ ಒಬ್ಬರು ಒಂದು ಗಂಟೆ ಕುಳಿತು ಬರೆಯಬೇಕು. ನಮ್ಮ ಕಪಾಟುಗಳಲ್ಲಿ ಆಗಲೇ ಓದಿಟ್ಟ ಪುಸ್ತಕಗಳಿವೆ. ಅದರ ಕಥೆ ನಮಗೆ ಗೊತ್ತು. ಗೊತ್ತಿದ್ದದ್ದನ್ನು ಗೊತ್ತಿಲ್ಲದವರಿಗೆ ಹೇಳುವುದು ನಮ್ಮ ನಾಡಿನ ಹಳೆಯ ಗುಣ.

ಹನಿಗೂಡಿ ಹಳ್ಳ ಎನ್ನುತ್ತಾರೆ. ಮನೆಗೊಂದು ಪುಸ್ತಕದಂತೆ ಮೂರು ಊರುಗಳ ಕುಟುಂಬಗಳು ಬರೆದರೂ ಒಂದು ಸಣ್ಣ ಗ್ರಂಥಾಲಯದ ಬಾಗಿಲು ತೆರೆದಂತಾಗುತ್ತದೆ. ಈ ತಿಂಗಳು ನಿಮ್ಮ ಕಪಾಟಿನಿಂದ ಒಂದು ಪುಸ್ತಕ ಕೈಗೆತ್ತಿಕೊಳ್ಳಿ. ಮನೆಯ ಹಿರಿಯರೊಬ್ಬರನ್ನು ಎದುರಿಗೆ ಕೂರಿಸಿಕೊಂಡು, ‘ಇದರಲ್ಲಿ ಏನಿದೆ ಹೇಳಲಾ?’ ಎಂದು ಕೇಳಿ, ನಾಲ್ಕೇ ಮಾತಿನಲ್ಲಿ ಹೇಳಿ. ‘ಆಮೇಲೆ?’ ಎಂದು ಅವರು ಕೇಳಿದರೆ, ನೀವು ಹೇಳಿದ್ದು ಸರಿಯಾದ ಸಾರಾಂಶ. ಅದನ್ನೇ ಬರೆದಿಡಿ.